ಒಂದು ವರ್ಷದ ವಾಯಿದೆ



ಕಳೆದ ಬೇಸಿಗೆಯ ವನಭೋಜನದಲ್ಲಿ ಬಿಸಿಬೇಳೆಭಾತ್, ಮೊಸರನ್ನಗಳ ಸರದಿ ಮುಗಿದು ಕಾಫಿಯ ಹೊತ್ತಿಗೆ ಮರದ ಕೆಳಗೆ ಒಂದು ವಾದ ಎದ್ದದ್ದು ಹಲವರಿಗೆ ನೆನಪಿರಬಹುದು. ಮಿಷಿಗನ್ನಿನಲ್ಲಿರುವ ನಮ್ಮ ಕೂಟದಲ್ಲಿ ಮೋಟಾರು ಕಂಪನಿಗಳಲ್ಲಿ ದುಡಿಯುವ ಇಂಜಿನಿಯರುಗಳಿಗೆ ಕೊರತೆಯಿಲ್ಲ, ವೈದ್ಯರಿಗೂ ಕೊರತೆಯಿಲ್ಲ. ಎರಡು ಪಂಗಡಗಳೂ ಒಂದೇ ಬೆಂಚಿನಲ್ಲಿ ಕುಳಿತರೆ ಮಾತು ಹೊಗೆಗೆ ಬಂದು ನಿಲ್ಲುವುದು ಸಹಜ. ಇಂಜಿನಿಯರ್ ಮಿತ್ರರೊಬ್ಬರು, "ಡಾಕ್ಟ್ರೇ, ಸರಕಾರದವರು ಕಾಗದದ ಮೇಲೆ ಒಂದು ಅಂಕಿ ಬರೆದು ತಾರೀಖು ಹಾಕಿಬಿಡ್ತಾರೆ. ಅದನ್ನ ಮಾಡಿ ತೋರಿಸಬೇಕಾದವರು ನಾವು. ಸ್ವಲ್ಪ ವಾಯಿದೆ ಕೇಳಿದರೆ ಅದೇನು ಮಹಾಪರಾಧವೇ?" ಎಂದರು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಸ್ತಮಾದಿಂದ ಏದುಸಿರು ಬಿಡುವ ಮಕ್ಕಳನ್ನು ನೋಡುವವರು ನಾವು. ಆ ಮಕ್ಕಳ ತಂದೆತಾಯಿಗಳ ಸಂಬಳ ಬರುವುದು ಅದೇ ಕಾರ್ಖಾನೆಗಳಿಂದ. ನಮ್ಮ ಚಿಕಿತ್ಸಾಲಯದ ಬಾಡಿಗೆಯೂ ಒಂದು ರೀತಿಯಲ್ಲಿ ಅಲ್ಲಿಂದಲೇ ಬರುತ್ತದೆ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಮೋಟಾರು ತಯಾರಕರು ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ವಾಯಿದೆ ಕೇಳಿದ್ದು ಯಾವಾಗ, ಕೊಟ್ಟರೇ, ಕೊಟ್ಟ ಮೇಲೆ ಏನಾಯಿತು ಎಂಬುದನ್ನು ಓದಿಕೊಂಡೆವು. ಈ ಕಥೆಯಲ್ಲಿ ಪೂರ್ತಿ ಖಳನೂ ಇಲ್ಲ, ಪೂರ್ತಿ ನಾಯಕನೂ ಇಲ್ಲ. ಅದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಈ ಲೇಖನ.

ಪೆಟ್ರೋಲಿನ ವಾಸನೆ

ಮೊದಲು ಒಂದು ಸ್ವಂತ ವಿಷಯ. ನಮ್ಮ ದೊಡ್ಡಪ್ಪ ತುಮಕೂರಿನಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಕೈಯ ಗ್ರೀಸು ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆಯುತ್ತಿದ್ದರು. ಒಂದು ಗಾಡಿಯ ಟ್ಯಾಂಕಿನಿಂದ ಇನ್ನೊಂದಕ್ಕೆ ಪೆಟ್ರೋಲು ಹಾಯಿಸಬೇಕಾದರೆ ರಬ್ಬರು ಪೈಪಿಗೆ ಬಾಯಿಟ್ಟು ಎಳೆದು, ಮೊದಲ ಗುಟುಕನ್ನು ನೆಲಕ್ಕೆ ಉಗಿಯುತ್ತಿದ್ದರು. ಬೇಸಿಗೆ ರಜೆಗೆ ಹೋದ ನಮಗೆ ಆ ವಾಸನೆಯೆಂದರೆ ಪ್ರಾಣ. ಆ ಪೆಟ್ರೋಲಿನಲ್ಲಿ ಸೀಸವಿತ್ತೆಂಬುದು ದೊಡ್ಡಪ್ಪನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಎಂ.ಬಿ.ಬಿ.ಎಸ್. ಮುಗಿಸಿ 1990ರ ದಶಕದ ನಡುವಿನಲ್ಲಿ ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದಾಗ ಪೆಟ್ರೋಲ್ ಬಂಕಿನ ಪ್ರತಿ ಕೊಳವೆಯ ಮೇಲೂ 'ಅನ್‌ಲೆಡೆಡ್' ಎಂದು ಬರೆದಿದ್ದನ್ನು ಕಂಡು ಸೋಜಿಗವಾಯಿತು. ಇಲ್ಲದ ವಸ್ತುವಿನ ಹೆಸರನ್ನು ಇಷ್ಟು ದೊಡ್ಡದಾಗಿ ಬರೆದಿದ್ದಾರಲ್ಲ ಎಂದುಕೊಂಡೆವು. ಹಿಂದೆ ಅದು ಇತ್ತು, ಅದನ್ನು ತೆಗೆಯಲು ಈ ದೇಶ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಣಗಿತು ಎಂಬುದು ಆಮೇಲೆ ತಿಳಿಯಿತು. ಅದರ ಮೂಲ ಹುಡುಕುತ್ತಾ ಹೋದರೆ ನಮ್ಮ ಮಿತ್ರರು ಎತ್ತಿದ ವಾಯಿದೆಯ ಪ್ರಶ್ನೆಯೇ ಎದುರಾಗುತ್ತದೆ.

ಕಾನೂನು ಬಂದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಜುಲೈನಲ್ಲಿ, ಲಾಸ್ ಏಂಜಲೀಸ್ ನಗರವನ್ನು ಕಣ್ಣು ಉರಿಸುವ ಮಬ್ಬೊಂದು ಕವಿಯಿತು. ಕಾರಣ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕ್ಯಾಲ್‌ಟೆಕ್ ಸಂಸ್ಥೆಯ ಆರೀ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಅದರ ಗುಟ್ಟು ಬಿಡಿಸಿದರು. ಪೂರ್ತಿ ಉರಿಯದ ಪೆಟ್ರೋಲಿನ ಆವಿ ಅಂದರೆ ಹೈಡ್ರೋಕಾರ್ಬನ್ನುಗಳೂ, ಇಂಜಿನ್ನಿನ ಶಾಖದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದರೆ ಓಜೋನ್ ಹುಟ್ಟುತ್ತದೆ. ಆಕಾಶದ ಮೇಲಿನ ಪದರದಲ್ಲಿ ನಮ್ಮನ್ನು ಕಾಯುವ ಇದೇ ಓಜೋನ್ ನೆಲದ ಮಟ್ಟದಲ್ಲಿ ಉಸಿರಿನೊಡನೆ ಒಳಹೊಕ್ಕರೆ ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ಬಾವು ತರುತ್ತದೆ. ಇದರ ಜತೆಗೆ ಕೊಳವೆಯಿಂದ ಬರುವ ಕಾರ್ಬನ್ ಮಾನಾಕ್ಸೈಡು ಬೇರೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೃದಯದ ರಕ್ತನಾಳ ಕಿರಿದಾದವರಿಗೆ ಸ್ವಲ್ಪವೇ ಸಾಕು, ಎದೆನೋವು ಬೇಗ ಬರಲು.

ಅಂದಿನ ಮೋಟಾರು ಕಂಪನಿಗಳು ಈ ವಿಷಯದಲ್ಲಿ ಚುರುಕಾಗಿರಲಿಲ್ಲ. ಹೊಗೆ ತಗ್ಗಿಸುವ ಸಾಧನಗಳು ಬೇಗ ಬರದಂತೆ ತಮ್ಮತಮ್ಮೊಳಗೇ ಒಪ್ಪಂದ ಮಾಡಿಕೊಂಡಿವೆ ಎಂದು ಆಪಾದಿಸಿ ಕೇಂದ್ರ ಸರಕಾರದ ನ್ಯಾಯ ಇಲಾಖೆ 1969ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಈ ಹಿನ್ನೆಲೆ ಮನಸ್ಸಿನಲ್ಲಿದ್ದರೆ ಮುಂದಿನ ಕಾನೂನು ಏಕೆ ಅಷ್ಟು ಕಟುವಾಯಿತು ಎಂಬುದು ಅರ್ಥವಾಗುತ್ತದೆ.

1970ರ ಡಿಸೆಂಬರ್ 31ರಂದು ರಾಷ್ಟ್ರಾಧ್ಯಕ್ಷ ನಿಕ್ಸನ್ ಶುದ್ಧ ಗಾಳಿ ಕಾಯಿದೆಯ ತಿದ್ದುಪಡಿಗೆ ಸಹಿ ಹಾಕಿದರು. ಅದನ್ನು ಮುಂದೆ ನಿಂತು ನಡೆಸಿದವರು ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ. 1975ರ ಮಾದರಿಯ ಕಾರುಗಳು ಕಾರ್ಬನ್ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್ನುಗಳನ್ನು 1970ರ ಮಟ್ಟಕ್ಕಿಂತ ಶೇಕಡಾ 90ರಷ್ಟು ಇಳಿಸಬೇಕು. 1976ರ ಮಾದರಿಗಳು ನೈಟ್ರೋಜನ್ ಆಕ್ಸೈಡುಗಳನ್ನೂ ಅಷ್ಟೇ ಇಳಿಸಬೇಕು. ಮೈಲಿಯ ಲೆಕ್ಕದಲ್ಲಿ ಹೇಳುವುದಾದರೆ ಕಾರ್ಬನ್ ಮಾನಾಕ್ಸೈಡು 3.4 ಗ್ರಾಂ, ಹೈಡ್ರೋಕಾರ್ಬನ್ 0.41 ಗ್ರಾಂ, ನೈಟ್ರೋಜನ್ ಆಕ್ಸೈಡು 0.4 ಗ್ರಾಂ. ಇದನ್ನು ಮಾಡಿ ತೋರಿಸುವ ಯಂತ್ರ ಆಗ ಯಾರ ಕೈಯಲ್ಲೂ ಸಿದ್ಧವಾಗಿರಲಿಲ್ಲ. ಶಾಸಕರಿಗೆ ಅದು ಗೊತ್ತಿತ್ತು. ಇರುವ ಯಂತ್ರವನ್ನು ನೋಡಿ ಮಿತಿ ಬರೆಯುವ ಬದಲು, ಮಿತಿಯನ್ನು ಬರೆದು ಯಂತ್ರವನ್ನು ಎಳೆದು ತರುವ ಲೆಕ್ಕಾಚಾರ ಅವರದು.

ಆದರೂ ಒಂದು ಕಿಟಕಿಯನ್ನು ತೆರೆದೇ ಇಟ್ಟರು. ತಯಾರಕನಿಗೆ ಆಗುವುದೇ ಇಲ್ಲವೆಂದರೆ ಒಂದು ವರ್ಷದ ವಾಯಿದೆ ಕೇಳಬಹುದು. ಅರ್ಜಿ ಬಂದ ಅರವತ್ತು ದಿನಗಳೊಳಗೆ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥರು ತೀರ್ಪು ಕೊಡಬೇಕು. ವಾಯಿದೆ ಸಿಗಬೇಕಾದರೆ ನಾಲ್ಕು ಷರತ್ತು: ಅದು ಸಾರ್ವಜನಿಕ ಹಿತಕ್ಕೆ ಅಗತ್ಯವಾಗಿರಬೇಕು, ಅರ್ಜಿದಾರ ಪ್ರಾಮಾಣಿಕವಾಗಿ ಎಲ್ಲ ಪ್ರಯತ್ನ ಮಾಡಿರಬೇಕು, ತಕ್ಕ ತಂತ್ರಜ್ಞಾನ ಲಭ್ಯವಿಲ್ಲವೆಂದು ಅವನೇ ತೋರಿಸಬೇಕು, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಯನ ಅದಕ್ಕೆ ವಿರುದ್ಧವಾಗಿರಬಾರದು. ಈ ನಾಲ್ಕನ್ನೂ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅರ್ಜಿ ಮತ್ತು ತೀರ್ಪು

1972ರ ಮಾರ್ಚ್ 13ರಂದು ಮೊದಲ ಅರ್ಜಿ ಹಾಕಿದ್ದು ಸ್ವೀಡನ್ನಿನ ವೋಲ್ವೊ. ಆ ತಿಂಗಳ ಕೊನೆಗೆ ಟ್ರಾಕ್ಟರು ಮತ್ತು ಲಾರಿಗಳಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಬಂತು. ಏಪ್ರಿಲ್ 5ರಂದು ನಮ್ಮ ಊರಿನ ಮೂವರು ಹಿರಿಯಣ್ಣಂದಿರು, ಫೋರ್ಡ್, ಕ್ರೈಸ್ಲರ್, ಜನರಲ್ ಮೋಟರ್ಸ್, ಒಟ್ಟಿಗೇ ಬಂದರು. ಏಪ್ರಿಲ್ 10ರಿಂದ 27ರವರೆಗೆ ಬಹಿರಂಗ ವಿಚಾರಣೆ ನಡೆಯಿತು. ಸಂಸ್ಥೆಯ ಮೊದಲ ಮುಖ್ಯಸ್ಥ ವಿಲಿಯಂ ರಕೆಲ್ಸ್‌ಹೌಸ್ ಮೇ 12ರಂದು ಎಲ್ಲ ಅರ್ಜಿಗಳನ್ನೂ ತಳ್ಳಿಹಾಕಿದರು. ತಂತ್ರಜ್ಞಾನವಿದೆ, ಮಾಡಬಹುದು ಎಂಬುದು ಅವರ ನಿಲುವು.

ಆ ತಂತ್ರಜ್ಞಾನವೆಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಇಂಜಿನಿಯರ್ ಬಾಂಧವರು ಕ್ಷಮಿಸಬೇಕು, ನಮಗೆ ತಿಳಿದಷ್ಟು ಹೇಳುತ್ತೇವೆ. ಹೊಗೆ ಹೋಗುವ ಕೊಳವೆಯ ನಡುವೆ ಒಂದು ಡಬ್ಬಿ. ಅದರೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳ ಪಿಂಗಾಣಿ ಅಥವಾ ಸಣ್ಣ ಗುಂಡುಗಳು. ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ ಲೋಹಗಳ ತೆಳು ಲೇಪ. ಬಿಸಿ ಹೊಗೆ ಅದನ್ನು ಸವರಿಕೊಂಡು ಹೋಗುವಾಗ ಕಾರ್ಬನ್ ಮಾನಾಕ್ಸೈಡು ಇಂಗಾಲದ ಡೈಆಕ್ಸೈಡಾಗುತ್ತದೆ, ಉಳಿದ ಪೆಟ್ರೋಲಿನ ಆವಿ ಉರಿದು ಇಂಗಾಲದ ಡೈಆಕ್ಸೈಡೂ ನೀರಾವಿಯೂ ಆಗಿ ಹೋಗುತ್ತದೆ. ಆದರೆ ಪೆಟ್ರೋಲಿನ ಸೀಸ ಈ ಲೇಪದ ಮೇಲೆ ಕೂತರೆ ಡಬ್ಬಿ ಕೆಟ್ಟಿತೆಂದೇ ಲೆಕ್ಕ.

ತಯಾರಕರು ನ್ಯಾಯಾಲಯಕ್ಕೆ ಹೋದರು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ಹೆರಾಲ್ಡ್ ಲೆವೆಂತಾಲ್ 1973ರ ಫೆಬ್ರವರಿ 10ರಂದು ತೀರ್ಪು ಬರೆದರು. ನಮ್ಮ ಮಿತ್ರರ ಪ್ರಶ್ನೆಗೆ ಅತಿ ಹತ್ತಿರ ಬರುವುದು ಈ ತೀರ್ಪೇ. ಆ ಹೊತ್ತಿಗೆ ಒಂದೇ ಒಂದು ಕಾರೂ ಐವತ್ತು ಸಾವಿರ ಮೈಲಿ ಓಡಿ ಹೊಸ ಮಿತಿಯೊಳಗೆ ಉಳಿದು ತೋರಿಸಿರಲಿಲ್ಲ. ಸಂಸ್ಥೆ ಕಂಪನಿಗಳ ಪರೀಕ್ಷೆಯ ಅಂಕಿಗಳನ್ನೇ ತೆಗೆದುಕೊಂಡು, ಹೀಗಾದರೆ ಹಾಗಾಗುತ್ತದೆ ಎಂಬ ಊಹೆಗಳನ್ನು ಸೇರಿಸಿ, ಸಾಧ್ಯವೆಂಬ ತೀರ್ಮಾನಕ್ಕೆ ಬಂದಿತ್ತು. ವಿಜ್ಞಾನ ಅಕಾಡೆಮಿಯೋ, ತಂತ್ರಜ್ಞಾನ ಸದ್ಯಕ್ಕೆ ಲಭ್ಯವಿಲ್ಲ, ಆದರೆ ದೊಡ್ಡ ಕಂಪನಿಗಳಿಗೆ ಸಾಧ್ಯವಾಗಬಹುದು ಎಂದು ಅತ್ತಲೂ ಇತ್ತಲೂ ಮಾತಾಡಿತ್ತು.

ನ್ಯಾಯಾಧೀಶರು ಎರಡು ತಪ್ಪುಗಳನ್ನು ತಕ್ಕಡಿಗೆ ಹಾಕಿದರು. ಕೊಡಬಾರದ ವಾಯಿದೆಯನ್ನು ಕೊಟ್ಟರೆ ಏನು ನಷ್ಟ? ಒಂದು ವರ್ಷದ ಹೊಸ ಕಾರುಗಳು ಸ್ವಲ್ಪ ಹೆಚ್ಚು ಹೊಗೆ ಬಿಡುತ್ತವೆ. ಕೊಡಬೇಕಾದ ವಾಯಿದೆಯನ್ನು ಕೊಡದಿದ್ದರೆ? ಯಾವುದೋ ಒಂದು ದೊಡ್ಡ ಕಂಪನಿ ಕಾರು ಮಾರಲಾಗದೆ ನಿಲ್ಲಬಹುದು, ಕೆಲಸಗಾರರು ಬೀದಿಗೆ ಬೀಳಬಹುದು. ಆಗ ಕೊನೆ ಗಳಿಗೆಯಲ್ಲಿ ಮಿತಿಯನ್ನೇ ಸಡಿಲಿಸುವ ಒತ್ತಡ ಬರುತ್ತದೆ. ಹಣ ಸುರಿದು ಪ್ರಾಮಾಣಿಕವಾಗಿ ಸಿದ್ಧನಾದವನು ಪೆಚ್ಚಾಗುತ್ತಾನೆ, ಕೈಕಟ್ಟಿ ಕೂತವನು ಗೆಲ್ಲುತ್ತಾನೆ. ಈ ಎರಡನೆಯ ತಪ್ಪೇ ಹೆಚ್ಚು ಭಾರವೆಂದು ಅವರಿಗೆ ಕಂಡಿತು. ಸಂಸ್ಥೆ ತನ್ನ ಊಹೆಗಳನ್ನು ಇನ್ನೂ ಗಟ್ಟಿಯಾಗಿ ಸಮರ್ಥಿಸಬೇಕೆಂದು ಹೇಳಿ ವಿಷಯವನ್ನು ವಾಪಸು ಕಳಿಸಿದರು.

ನಾವು ವೈದ್ಯರಿಗೂ ಈ ತಕ್ಕಡಿ ಪರಿಚಯದ್ದೇ. ಕೊಡಬೇಕಾದ ಔಷಧಿ ಕೊಡದಿರುವುದು ಒಂದು ತಪ್ಪು, ಕೊಡಬಾರದ್ದನ್ನು ಕೊಡುವುದು ಇನ್ನೊಂದು. ಆದರೆ ನಮ್ಮ ತಕ್ಕಡಿಯಲ್ಲಿ ಎರಡೂ ನಷ್ಟ ಒಬ್ಬನೇ ರೋಗಿಯದು. ಇಲ್ಲಿ ಒಂದು ತಟ್ಟೆಯಲ್ಲಿ ಕಾರ್ಖಾನೆಯ ಕೆಲಸ, ಇನ್ನೊಂದರಲ್ಲಿ ಎಲ್ಲೋ ಇರುವ ಯಾವುದೋ ಮಗುವಿನ ಉಸಿರು. ಕೆಲಸ ಕಳೆದುಕೊಂಡವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಆ ಮಗುವಿನ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ.

ಜಪಾನಿನ ಒಂದು ಪಾಠ

ಇತ್ತ ಡೆಟ್ರಾಯಿಟ್ ಆಗದು ಎನ್ನುತ್ತಿದ್ದಾಗ, ಅತ್ತ ಮೋಟಾರ್ ಸೈಕಲ್ ಮಾಡಿ ಹೆಸರಾಗಿದ್ದ ಹೋಂಡಾ ಕಂಪನಿ 1972ರ ಅಕ್ಟೋಬರಿನಲ್ಲಿ ಸಿ.ವಿ.ಸಿ.ಸಿ. ಎಂಬ ಇಂಜಿನ್ನನ್ನು ಪ್ರಕಟಿಸಿತು. ಸಿಲಿಂಡರಿನ ಪಕ್ಕದಲ್ಲೊಂದು ಪುಟ್ಟ ಕೋಣೆ. ಅದರಲ್ಲಿ ಪೆಟ್ರೋಲು ಹೆಚ್ಚಿರುವ ಮಿಶ್ರಣಕ್ಕೆ ಕಿಡಿ ಹಚ್ಚಿದರೆ, ಆ ಜ್ವಾಲೆ ದೊಡ್ಡ ಕೋಣೆಯ ತೆಳು ಮಿಶ್ರಣವನ್ನು ನಿಧಾನವಾಗಿ, ಪೂರ್ತಿಯಾಗಿ ಉರಿಸುತ್ತದೆ. ಕನ್ವರ್ಟರ್ ಡಬ್ಬಿಯೇ ಬೇಡ. ಆ ಡಿಸೆಂಬರಿನಲ್ಲಿ ಇಲ್ಲೇ ನಮ್ಮ ಆನ್ ಆರ್ಬರಿನಲ್ಲಿರುವ ಸರಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಅದು 1975ರ ಮಿತಿಯನ್ನು ದಾಟಿತು. ಸಣ್ಣ ಕಾರಿಗೆ ಸರಿ, ನಮ್ಮ ದೊಡ್ಡ ಕಾರುಗಳಿಗೆ ಆಗದು ಎಂಬ ಮಾತು ಇಲ್ಲಿ ಕೇಳಿಬಂತು. ಹೋಂಡಾದವರು ಜನರಲ್ ಮೋಟರ್ಸ್‌ನದೇ ಒಂದು ಷೆವ್ರೊಲೆ ಇಂಪಾಲಾ ಕಾರಿಗೂ ಅದೇ ತತ್ವದ ಇಂಜಿನ್ ತಲೆ ಕೂರಿಸಿ 1973ರಲ್ಲಿ ಪರೀಕ್ಷೆಗೆ ಒಪ್ಪಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ನಮ್ಮ ಗಾದೆ ಅವರಿಗೆ ಗೊತ್ತಿರಲಾರದು, ಆದರೂ ಉತ್ತರ ಅದೇ ಧಾಟಿಯದು.

ಅಂತೂ 1973ರ ಏಪ್ರಿಲ್ 11ರಂದು ರಕೆಲ್ಸ್‌ಹೌಸ್ ಒಂದು ವರ್ಷದ ವಾಯಿದೆ ಕೊಟ್ಟರು. ಆದರೆ ಬರಿಗೈಯಲ್ಲಿ ಕೊಡಲಿಲ್ಲ. 1975ರ ಕಾರುಗಳಿಗೆ ಮಧ್ಯಂತರ ಮಿತಿ ಹಾಕಿದರು: ದೇಶಕ್ಕೆಲ್ಲ ಕಾರ್ಬನ್ ಮಾನಾಕ್ಸೈಡು 15 ಗ್ರಾಂ, ಹೈಡ್ರೋಕಾರ್ಬನ್ 1.5 ಗ್ರಾಂ; ಕ್ಯಾಲಿಫೋರ್ನಿಯಾಕ್ಕೆ ಇನ್ನೂ ಬಿಗಿಯಾಗಿ 9 ಮತ್ತು 0.9. ಇಡೀ ದೇಶದಲ್ಲಿ ಒಮ್ಮೆಗೇ ಹೊಸ ಸಾಧನ ಹಾಕಿ ಎಡವುವ ಬದಲು ಮೊದಲು ಒಂದು ರಾಜ್ಯದಲ್ಲಿ ಹಾಕಿ ಕಲಿಯಲಿ ಎಂಬ ಉದ್ದೇಶ. ಆದರೆ ಡಬ್ಬಿ ಹಾಕಿದರೆ ಇಂಜಿನ್ನನ್ನು ಅದುಮಿಡಬೇಕಾಗಿಲ್ಲ, ಪೆಟ್ರೋಲೂ ಉಳಿಯುತ್ತದೆ ಎಂದು ಕಂಡುಕೊಂಡ ಜನರಲ್ ಮೋಟರ್ಸ್ 1975ರಲ್ಲಿ ದೇಶದ ತನ್ನ ಬಹುತೇಕ ಕಾರುಗಳಿಗೆ ಕನ್ವರ್ಟರ್ ಹಾಕಿಯೇ ಬಿಟ್ಟಿತು. ಕಾರ್ಖಾನೆಗಳು ಮುಚ್ಚಲಿಲ್ಲ.

ಯಾರೂ ನೆನೆಯದ ಲಾಭ

ಡಬ್ಬಿ ಬಂದರೆ ಸೀಸವಿಲ್ಲದ ಪೆಟ್ರೋಲು ಬರಲೇಬೇಕು. 1974ರ ಜುಲೈ 1ರಿಂದ ದೊಡ್ಡ ಬಂಕುಗಳಲ್ಲೆಲ್ಲ ಅದು ಸಿಗಬೇಕೆಂದು ಆಜ್ಞೆಯಾಯಿತು. ಹೊಸ ಕಾರುಗಳ ಟ್ಯಾಂಕಿನ ಬಾಯಿಯನ್ನು ಕಿರಿದು ಮಾಡಿ, ಸೀಸದ ಪೆಟ್ರೋಲಿನ ದಪ್ಪ ಮೂತಿ ಹೊಗದಂತೆ ಮಾಡಿದರು. ಅಗ್ಗದ ಪೆಟ್ರೋಲಿನ ಆಸೆಗೆ ಆ ಬಾಯನ್ನೇ ಅಗಲಿಸಿಕೊಂಡ ಜಾಣರೂ ಇದ್ದರು. ಅಂಥ ಜಾಣತನ ನಮ್ಮ ದೇಶಕ್ಕೆ ಮಾತ್ರ ಮೀಸಲಲ್ಲ.

ಡಬ್ಬಿಯನ್ನು ಉಳಿಸಲೆಂದು ಹೊರಟ ಈ ಕ್ರಮ ಮಕ್ಕಳ ಮಿದುಳನ್ನು ಉಳಿಸಿತು. ಸೀಸ ದೇಹದಲ್ಲಿ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ತಿರುಗುತ್ತದೆ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನು ಹೀರಿದರೆ, ಎಳೆ ಮಕ್ಕಳದು ಅರ್ಧದವರೆಗೂ ಹೀರಬಲ್ಲದು. ಮೇಲೆ ಯಾವ ಲಕ್ಷಣವೂ ಕಾಣದ ಮಕ್ಕಳಲ್ಲೂ ಕಲಿಕೆ, ಗಮನ, ಬುದ್ಧಿಶಕ್ತಿ ಕುಗ್ಗುತ್ತವೆಂದು ಮಕ್ಕಳ ಹಾಲುಹಲ್ಲುಗಳನ್ನು ಪರೀಕ್ಷಿಸಿ ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ತೋರಿಸಿದರು. 1976ರಿಂದ 1980ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅಮೆರಿಕನ್ನರ ರಕ್ತದ ಸೀಸ ಶೇಕಡಾ 37ರಷ್ಟು ಇಳಿದದ್ದು ಕಂಡಿತು. ಪೆಟ್ರೋಲಿನ ಸೀಸ ಇಳಿದ ರೇಖೆಯೂ ರಕ್ತದ ಸೀಸ ಇಳಿದ ರೇಖೆಯೂ ಜೋಡೆತ್ತಿನಂತೆ ಹೆಜ್ಜೆ ಹಾಕಿದ್ದವು.

1982ರ ಆರಂಭದಲ್ಲಿ ಸಣ್ಣ ತೈಲ ಸಂಸ್ಕರಣಾ ಕಂಪನಿಗಳಿಗಾಗಿ ಸೀಸದ ಮಿತಿಯನ್ನು ಸಡಿಲಿಸಲು ಸರಕಾರ ಯೋಚಿಸಿತ್ತು. ಈ ರಕ್ತದ ಅಂಕಿಗಳು ಮುಂದೆ ಬಂದ ಮೇಲೆ ಆ ಯೋಚನೆ ತಲೆಕೆಳಗಾಯಿತು. ಅದೇ ವರ್ಷ ಮಿತಿ ಇನ್ನಷ್ಟು ಬಿಗಿಯಾಯಿತು. 1970ರ ದಶಕದ ಕೊನೆಯಲ್ಲಿ ಡೆಸಿಲೀಟರಿಗೆ 12.8 ಮೈಕ್ರೋಗ್ರಾಂ ಇದ್ದ ಸರಾಸರಿ, 1988ರಿಂದ 1991ರ ಸಮೀಕ್ಷೆಯಲ್ಲಿ 2.8ಕ್ಕೆ ಇಳಿದಿತ್ತು. 1996ರ ಜನವರಿ 1ರಿಂದ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ಈ ದೇಶದಲ್ಲಿ ಪೂರ್ತಿ ನಿಂತಿತು.

ನಮ್ಮ ಮಿತ್ರರ ಪರವಾಗಿ ಇಷ್ಟು ಒಪ್ಪಬಹುದು: 1973ರ ವಾಯಿದೆಯಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಒಂದು ವರ್ಷ ಒಂದು ವರ್ಷವಾಗಿ ಉಳಿಯಲಿಲ್ಲ. 1974ರಲ್ಲಿ ತೈಲದ ಬಿಕ್ಕಟ್ಟೆಂದು ಸಂಸತ್ತು ಮುಂದೂಡಿತು. 1975ರಲ್ಲಿ ಡಬ್ಬಿಯಿಂದ ಗಂಧಕಾಮ್ಲ ಬರುತ್ತದೆಂಬ ಭಯದಿಂದ ಮತ್ತೊಮ್ಮೆ, 1977ರ ತಿದ್ದುಪಡಿಯಲ್ಲಿ ಮಗದೊಮ್ಮೆ. 1975ಕ್ಕೆ ಬರಬೇಕಿದ್ದ ಹೈಡ್ರೋಕಾರ್ಬನ್ ಮಿತಿ 1980ಕ್ಕೂ, ಕಾರ್ಬನ್ ಮಾನಾಕ್ಸೈಡಿನದು 1981ಕ್ಕೂ ಬಂತು. 1976ಕ್ಕೆ ಬರಬೇಕಿದ್ದ 0.4 ಗ್ರಾಂ ನೈಟ್ರೋಜನ್ ಆಕ್ಸೈಡಿನ ಮಿತಿ ಜಾರಿಗೆ ಬರತೊಡಗಿದ್ದು 1994ರ ಮಾದರಿಗಳಿಂದ. ಹದಿನೆಂಟು ವರ್ಷ! ಹುಟ್ಟಿದ ಮಗು ಮತದಾನದ ವಯಸ್ಸಿಗೆ ಬಂದಿರುತ್ತದೆ.

ನಮ್ಮ ನಾಡಿನ ಕಡೆ

ಇದೇ ನಾಟಕ ತಾಯ್ನಾಡಿನಲ್ಲೂ ನಡೆಯಿತು. 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಹೊಸ ಕಾರುಗಳಿಗೆ ಕನ್ವರ್ಟರೂ ಸೀಸರಹಿತ ಪೆಟ್ರೋಲೂ ಬಂದವು. ಆ ಮೊದಲ ಪಟ್ಟಿಯಲ್ಲಿ ನಮ್ಮ ಬೆಂಗಳೂರು ಇರಲಿಲ್ಲ. ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲು ಬಂದದ್ದು 2000ದ ಫೆಬ್ರವರಿಯಲ್ಲಿ. ಅಷ್ಟರಲ್ಲಿ ದೊಡ್ಡಪ್ಪ ಗ್ಯಾರೇಜು ಮುಚ್ಚಿದ್ದರು.

2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ನಾಲ್ಕು ಮಿತಿ ದೇಶಕ್ಕೆಲ್ಲ ಬರುವುದಿತ್ತು. ಹಳೆಯ ಮಟ್ಟದ ಎಂಟು ಲಕ್ಷಕ್ಕೂ ಹೆಚ್ಚು ವಾಹನಗಳು ಮಾರಾಟವಾಗದೆ ಉಳಿದಿದ್ದವು. ಅವನ್ನು ಮಾರಲು ಬಿಡಿ ಎಂದು ತಯಾರಕರು ಕೇಳಿಕೊಂಡಾಗ ಸುಪ್ರೀಂ ಕೋರ್ಟು ಮಾರ್ಚ್ 29ರಂದು ಒಪ್ಪಲಿಲ್ಲ. ಕೋಟ್ಯಂತರ ಜನರ ಆರೋಗ್ಯ ತಯಾರಕರ ವ್ಯಾಪಾರಕ್ಕಿಂತ ದೊಡ್ಡದು, ಈ ದಿನಾಂಕ ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ಅದರ ಅಭಿಪ್ರಾಯ. ಉಳಿದ ಎರಡು ದಿನ ಅಂಗಡಿಗಳ ಮುಂದೆ ನೂಕುನುಗ್ಗಲು. ಮೈಸೂರಿನಲ್ಲಿರುವ ನಮ್ಮ ಅಕ್ಕನ ಮಗನೂ ಭಾರಿ ರಿಯಾಯಿತಿಯಲ್ಲಿ ಒಂದು ಸ್ಕೂಟರು ತಂದು, "ಮಾವ, ಬಂಪರ್ ಹೊಡೀತು" ಎಂದು ಫೋನು ಮಾಡಿದ. ಬೈಯಲು ಬಾಯಿ ಬರಲಿಲ್ಲ. ಅಗ್ಗದ ಹೊಗೆಯನ್ನು ಕೊಳ್ಳುವವರು ನಮ್ಮ ಮನೆಯಲ್ಲೂ ಇದ್ದಾರೆ.

ಮಿತ್ರರಿಗೆ ಉತ್ತರ

ವಾಯಿದೆ ಕೇಳುವುದು ಅಪರಾಧವಲ್ಲ. ಹೇಗೆ ಕೇಳುತ್ತೀರಿ, ಹೇಗೆ ಕೊಡುತ್ತಾರೆ ಎಂಬುದರಲ್ಲಿದೆ ವಿಷಯ. 1972ರಲ್ಲಿ ಅರ್ಜಿಗಳನ್ನು ಊರೆಲ್ಲ ಕೇಳುವಂತೆ ವಿಚಾರಿಸಿದರು, ಕಾರಣಗಳನ್ನು ಬರೆದರು, ನ್ಯಾಯಾಲಯ ಅವನ್ನು ಒರೆಗೆ ಹಚ್ಚಿತು. ವಾಯಿದೆಯ ಜತೆಗೆ ಮಧ್ಯಂತರ ಮಿತಿಯೂ ಬಂತು. 2025ರ ಮಾರ್ಚಿನಲ್ಲಿ ಅದೇ ಪರಿಸರ ಸಂಸ್ಥೆ, ಕೆಲವು ವಿಷವಾಯು ನಿಯಮಗಳಿಂದ ರಾಷ್ಟ್ರಾಧ್ಯಕ್ಷರ ವಿನಾಯಿತಿ ಬೇಕಾದ ಕಾರ್ಖಾನೆಗಳು ಕೋರಿಕೆ ಕಳಿಸಲೆಂದು ಒಂದು ಇ-ಮೇಲ್ ವಿಳಾಸ ಕೊಟ್ಟಿತು. ಎರಡಕ್ಕೂ ಇರುವ ಅಂತರವನ್ನು ಯಾವ ಪಕ್ಷದವರಾದರೂ ಯೋಚಿಸಬಹುದು. ಆ ನಾಲ್ಕು ಷರತ್ತುಗಳನ್ನು ಮತ್ತೆ ಓದಿ. ಅವುಗಳಲ್ಲಿ "ಪ್ರಾಮಾಣಿಕವಾಗಿ ಎಲ್ಲ ಪ್ರಯತ್ನ" ಎಂಬುದನ್ನು ಸಾಬೀತು ಮಾಡಬಲ್ಲವರು ಇಂಜಿನಿಯರುಗಳೇ ಹೊರತು ವಕೀಲರಲ್ಲ.

ಇಂದಿನ ಹೊಸ ಕಾರು 1970ರ ಕಾರಿಗಿಂತ ಸಾಮಾನ್ಯ ಮಾಲಿನ್ಯಗಳ ಮಟ್ಟಿಗೆ ಸುಮಾರು ಶೇಕಡಾ 99ರಷ್ಟು ಸ್ವಚ್ಛವೆಂದು ಸರಕಾರವೇ ಹೇಳುತ್ತದೆ. ಅದನ್ನು ಮಾಡಿ ತೋರಿಸಿದವರು ನಮ್ಮ ಮಿತ್ರರಂಥವರು. ನಾವು ಬರೆದುಕೊಟ್ಟ ಇನ್‌ಹೇಲರುಗಳಿಗಿಂತ ಹೆಚ್ಚು ಮಕ್ಕಳ ಎದೆಯನ್ನು ಅವರ ಕೈಕೆಲಸ ಕಾಪಾಡಿದೆ. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಆದರೆ ತಾರೀಖು ಇಲ್ಲದಿದ್ದರೆ ಆ ಕೆಲಸ ಆ ಹೊತ್ತಿಗೆ ಆಗುತ್ತಿತ್ತೇ ಎಂದು ಅವರನ್ನೇ ಕೇಳಬೇಕೆಂದಿದ್ದೇವೆ. ರಾಜ್ಯೋತ್ಸವದ ದಿನ ಸಿಗೋಣ. ಅಂದಿನ ಕಾಫಿ ನಮ್ಮ ಮನೆಯಿಂದ.